ಒಂದು ಕಾಲೇಜು ತಂಡವನ್ನು ನವೆಂಬರ್‌ನಿಂದ ಏಪ್ರಿಲ್‌ವರೆಗೆ ಅನುಸರಿಸುವುದು: ವರ್ಜೀನಿಯಾದ 2018–19ನೇ ಸೀಸನ್ ಮತ್ತು ಕಾಸರಗೋಡಿನ ನಮ್ಮ ಕಾಲೇಜು ತಂಡಗಳು

ಬದಿಯಡ್ಕದ ಕ್ರೀಡಾಸಕ್ತ

ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ಎಂದರೆ ನಮ್ಮ ಕಡೆಯ ಆಸಕ್ತರಲ್ಲಿ ಬಹುಪಾಲು ಜನರಿಗೆ ನೆನಪಾಗುವುದು ಮಾರ್ಚ್ ತಿಂಗಳು ಮಾತ್ರ. 68 ತಂಡಗಳ ರಾಷ್ಟ್ರೀಯ ಟೂರ್ನಿ, ಒಮ್ಮೆ ಸೋತರೆ ಅಲ್ಲಿಗೆ ಮುಗಿಯಿತು ಎಂಬ ಕಟ್ಟುನಿಟ್ಟು, ಕೊನೆಯ ಸೆಕೆಂಡಿನ ಎಸೆತಗಳು, ಇವು ನೋಡುವವರನ್ನು ಸುಲಭವಾಗಿ ಹಿಡಿದಿಡುತ್ತವೆ. ಆದರೆ ಮಾರ್ಚ್ ತಿಂಗಳನ್ನು ಮಾತ್ರ ನೋಡಿದವರಿಗೆ ತಂಡ ಏನೆಂದು ತಿಳಿಯುವುದಿಲ್ಲ, ಫಲಿತಾಂಶ ಮಾತ್ರ ತಿಳಿಯುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ನವೆಂಬರ್ ಮೊದಲ ವಾರದಲ್ಲಿ ಆರಂಭವಾಗುವ ಸುಮಾರು ಮೂವತ್ತು ಪಂದ್ಯಗಳ ಓಟದಲ್ಲಿ ಒಂದು ತಂಡ ಹೇಗೆ ಸೋಲುತ್ತದೆ, ಸೋತ ಮೇಲೆ ಏನನ್ನು ಬದಲಾಯಿಸುತ್ತದೆ, ಏನನ್ನು ಹಟದಿಂದ ಉಳಿಸಿಕೊಳ್ಳುತ್ತದೆ ಎಂಬುದನ್ನು ಗಮನಿಸಿದವರಿಗೇ ಮಾರ್ಚ್ ತಿಂಗಳು ಪೂರ್ತಿ ಅರ್ಥವಾಗುತ್ತದೆ.

ಇದಕ್ಕೆ ನಾನು ಆರಿಸಿಕೊಂಡಿರುವ ಉದಾಹರಣೆ ವರ್ಜೀನಿಯಾ ವಿಶ್ವವಿದ್ಯಾಲಯದ ಪುರುಷರ ತಂಡದ 2018–19ನೇ ಸೀಸನ್. ಅದನ್ನು ತಿಳಿಯಬೇಕಾದರೆ ಅದರ ಹಿಂದಿನ ವರ್ಷದಿಂದ ಆರಂಭಿಸಬೇಕು. 2017–18ರಲ್ಲಿ ಈ ತಂಡ ತಾನು ಸೇರಿರುವ ವಿಶ್ವವಿದ್ಯಾಲಯಗಳ ಲೀಗ್ ಆದ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸಿನ 18 ಪಂದ್ಯಗಳಲ್ಲಿ 17ನ್ನು ಗೆದ್ದು, ಕಾನ್ಫರೆನ್ಸ್ ಟೂರ್ನಿಯನ್ನೂ ಗೆದ್ದು, 31 ಗೆಲುವು 2 ಸೋಲುಗಳೊಂದಿಗೆ ದೇಶದ ಅಗ್ರ ಶ್ರೇಯಾಂಕದ ತಂಡವಾಗಿ ರಾಷ್ಟ್ರೀಯ ಟೂರ್ನಿಗೆ ಬಂದಿತ್ತು. ಮೊದಲ ಸುತ್ತಿನಲ್ಲಿ ಎದುರಾದದ್ದು 16ನೇ ಸೀಡ್ (ಟೂರ್ನಿಯ ತನ್ನ ವಿಭಾಗದ ಅತಿ ಕೆಳಗಿನ ಶ್ರೇಯಾಂಕ) ಪಡೆದಿದ್ದ ಯುಎಂಬಿಸಿ, ಅಂದರೆ ಬಾಲ್ಟಿಮೋರ್ ಕೌಂಟಿಯ ಮೇರಿಲ್ಯಾಂಡ್ ವಿಶ್ವವಿದ್ಯಾಲಯ. ಅಲ್ಲಿಯವರೆಗೆ ಪುರುಷರ ಟೂರ್ನಿಯಲ್ಲಿ 1ನೇ ಸೀಡ್ ತಂಡಗಳು 16ನೇ ಸೀಡ್ ತಂಡಗಳ ವಿರುದ್ಧ ಆಡಿದ 135 ಪಂದ್ಯಗಳಲ್ಲಿ ಒಂದನ್ನೂ ಸೋತಿರಲಿಲ್ಲ. 2018ರ ಮಾರ್ಚ್ 16ರಂದು ಷಾರ್ಲೆಟ್ ನಗರದಲ್ಲಿ ಅರ್ಧ ಪಂದ್ಯ ಮುಗಿದಾಗ 21–21 ಸಮಬಲವಿತ್ತು. ಪಂದ್ಯ ಮುಗಿದಾಗ ಯುಎಂಬಿಸಿ 74, ವರ್ಜೀನಿಯಾ 54. ಅದೇ ಯುಎಂಬಿಸಿ ಆ ಜನವರಿಯಲ್ಲಿ ಆಲ್ಬನಿ ತಂಡದ ಎದುರು 44 ಅಂಕಗಳಿಂದ ಸೋತಿತ್ತು.

ಮುಂದಿನ ವರ್ಷ ಅದೇ ವರ್ಜೀನಿಯಾ, ಅದೇ ತರಬೇತುದಾರ ಟೋನಿ ಬೆನೆಟ್ ಅವರ ಕೈಕೆಳಗೆ, ಅದೇ ನಿಧಾನದ ಆಟವನ್ನೇ ಆಡಿ, 35 ಗೆಲುವು 3 ಸೋಲುಗಳೊಂದಿಗೆ ತನ್ನ ಇತಿಹಾಸದ ಮೊದಲ ರಾಷ್ಟ್ರೀಯ ಪ್ರಶಸ್ತಿಯನ್ನು ಗೆದ್ದಿತು. ಇದನ್ನು ಸೇಡು ತೀರಿಸಿಕೊಂಡ ಕಥೆ ಎಂದು ಹೇಳಿಬಿಡುವುದು ಸುಲಭ, ಆದರೆ ಸೀಸನ್ನಿನ ನಡುವಿನ ಪಂದ್ಯಗಳನ್ನು ನೋಡಿದವರು ಹಾಗೆ ಹೇಳಲಾರರು. ಬಲ್ಲವರು ತಮ್ಮ ಅಭಿಪ್ರಾಯವನ್ನು ತಿಳಿಸಬೇಕೆಂದು ಕೋರುತ್ತೇನೆ.

ಉಪ್ಪಳದ ಪದವಿ ವಿದ್ಯಾರ್ಥಿ

ಅಣ್ಣ, ನಿಮ್ಮ ಮಾತಿನಲ್ಲಿ ನನಗೆ ಒಂದು ಭಿನ್ನಾಭಿಪ್ರಾಯವಿದೆ. ನವೆಂಬರಿನಲ್ಲಿ ದೊಡ್ಡ ತಂಡಗಳು ಸಣ್ಣ ಕಾಲೇಜುಗಳನ್ನು ತಮ್ಮ ಅಂಕಣಕ್ಕೆ ಕರೆಸಿ ನಲವತ್ತು ಅಂಕಗಳಿಂದ ಸೋಲಿಸುವ ಪಂದ್ಯಗಳಲ್ಲಿ ಕಲಿಯುವುದಕ್ಕೆ ಏನಿದೆ? ಎಲ್ಲವನ್ನೂ ಪಣಕ್ಕಿಟ್ಟು ಆಡುವ ಪಂದ್ಯದಲ್ಲೇ ಆಟಗಾರನ ನಿಜವಾದ ಸಾಮರ್ಥ್ಯ ಹೊರಬರುತ್ತದೆ ಎಂದು ನಾನು ನಂಬಿದ್ದೇನೆ. ವಾಲಿಬಾಲಿನಲ್ಲಾದರೂ ಕಬಡ್ಡಿಯಲ್ಲಾದರೂ ನಮ್ಮ ಊರಿನ ಜನ ಸೇರುವುದು ಅಂತಿಮ ಪಂದ್ಯದ ರಾತ್ರಿಗೇ.

ಇನ್ನೊಂದು ಪ್ರಶ್ನೆ. ವರ್ಜೀನಿಯಾದ ಪಂದ್ಯಗಳ ಅಂಕಗಳು ಯಾವಾಗಲೂ ಕಡಿಮೆ. 2018ರ ನವೆಂಬರಿನಲ್ಲಿ ಬಹಾಮಾಸ್‌ನಲ್ಲಿ ನಡೆದ ಟೂರ್ನಿಯ ಅಂತಿಮ ಪಂದ್ಯವನ್ನು ವಿಸ್ಕಾನ್ಸಿನ್ ವಿರುದ್ಧ ಅವರು ಗೆದ್ದದ್ದು 53–46ರಿಂದ. ಇಷ್ಟು ಕಡಿಮೆ ಅಂಕ ಗಳಿಸುವ ತಂಡವನ್ನು ಒಳ್ಳೆಯ ಆಕ್ರಮಣದ ತಂಡ ಎಂದು ಹೇಗೆ ಹೇಳುತ್ತಾರೆ?

ನೀರ್ಚಾಲಿನ ನಿವೃತ್ತ ಗಣಿತ ಅಧ್ಯಾಪಕ

ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ತಿಳಿದರೆ ಮೊದಲನೆಯದಕ್ಕೂ ದಾರಿ ಸಿಗುತ್ತದೆ.

ಬಾಸ್ಕೆಟ್‌ಬಾಲಿನಲ್ಲಿ ಒಂದು ತಂಡದ ಕೈಗೆ ಚೆಂಡು ಬಂದು, ಅದು ಎದುರಾಳಿಯ ಕೈಗೆ ಹೋಗುವವರೆಗಿನ ಅವಕಾಶವನ್ನು ಪೊಸೆಷನ್ ಎನ್ನುತ್ತಾರೆ. ಒಂದು ಪಂದ್ಯದಲ್ಲಿ ಎರಡೂ ತಂಡಗಳಿಗೆ ಹೆಚ್ಚುಕಡಿಮೆ ಸಮಾನ ಸಂಖ್ಯೆಯ ಪೊಸೆಷನ್‌ಗಳು ದೊರೆಯುತ್ತವೆ. ಆದುದರಿಂದ ತಂಡ ಎಷ್ಟು ಅಂಕ ಗಳಿಸಿತು ಎಂಬುದಕ್ಕಿಂತ ಪ್ರತಿ ಪೊಸೆಷನ್ನಿಗೆ ಎಷ್ಟು ಗಳಿಸಿತು ಎಂಬುದೇ ಸರಿಯಾದ ಅಳತೆ. 60 ಪೊಸೆಷನ್‌ಗಳಲ್ಲಿ 66 ಅಂಕ ಗಳಿಸಿದ ತಂಡದ ಸರಾಸರಿ 1.10, 75 ಪೊಸೆಷನ್‌ಗಳಲ್ಲಿ 78 ಅಂಕ ಗಳಿಸಿದ ತಂಡದ್ದು 1.04. ಪತ್ರಿಕೆಯಲ್ಲಿ ಎರಡನೆಯ ತಂಡವೇ ಹೆಚ್ಚು ಅಂಕದ ತಂಡವಾಗಿ ಕಾಣುತ್ತದೆ, ಆದರೆ ಚೆಂಡನ್ನು ಚೆನ್ನಾಗಿ ಬಳಸಿಕೊಂಡದ್ದು ಮೊದಲನೆಯದು.

ಪೊಸೆಷನ್‌ಗಳನ್ನು ಕಣ್ಣಿನಿಂದ ಎಣಿಸಬೇಕೆಂದಿಲ್ಲ. ತಂಡದ ಒಟ್ಟು ಎಸೆತಗಳಿಂದ ಆಕ್ರಮಣದ ರೀಬೌಂಡ್‌ಗಳನ್ನು (ತಪ್ಪಿದ ತಮ್ಮದೇ ಎಸೆತದ ಚೆಂಡನ್ನು ಮತ್ತೆ ಹಿಡಿದದ್ದು) ಕಳೆದು, ಟರ್ನೋವರ್‌ಗಳನ್ನು (ಎಸೆಯುವ ಮೊದಲೇ ಚೆಂಡು ಕಳೆದುಕೊಂಡದ್ದು) ಕೂಡಿಸಿ, ಫ್ರೀ ಥ್ರೋಗಳ (ಎದುರಾಳಿಯ ಫೌಲಿಗೆ ಸಿಗುವ ತಡೆಯಿಲ್ಲದ ಎಸೆತಗಳ) ಸಂಖ್ಯೆಯನ್ನು 0.475ರಿಂದ ಗುಣಿಸಿ ಸೇರಿಸಿದರೆ ಸಾಕು. 55 ಎಸೆತ, 10 ಆಕ್ರಮಣದ ರೀಬೌಂಡ್, 11 ಟರ್ನೋವರ್, 16 ಫ್ರೀ ಥ್ರೋ ಇದ್ದರೆ ಸುಮಾರು 64 ಪೊಸೆಷನ್‌ಗಳಾಗುತ್ತವೆ. ಬೆನೆಟ್ ಅವರ ತಂಡ ಆ ಕಾಲದಲ್ಲಿ ದೇಶದ ಮುನ್ನೂರೈವತ್ತಕ್ಕೂ ಹೆಚ್ಚು ತಂಡಗಳ ಪೈಕಿ ಅತ್ಯಂತ ನಿಧಾನವಾಗಿ ಆಡುವವುಗಳಲ್ಲಿ ಒಂದು, ಪಂದ್ಯವೊಂದಕ್ಕೆ ಅರುವತ್ತರ ಆಸುಪಾಸಿನ ಪೊಸೆಷನ್‌ಗಳಷ್ಟೇ. ಆ ಅಳತೆಯಲ್ಲಿ ನೋಡಿದರೆ 2018–19ರಲ್ಲಿ ಅದರ ಆಕ್ರಮಣವೂ ರಕ್ಷಣೆಯೂ ದೇಶದ ಮುಂಚೂಣಿಯಲ್ಲೇ ಇದ್ದವು.

ಈಗ ಮೊದಲ ಪ್ರಶ್ನೆ. ಪ್ರತಿಯೊಂದು ಪಂದ್ಯವನ್ನೂ ಗೆಲ್ಲುವ ಸಂಭವ ನೂರಕ್ಕೆ 90 ಇರುವ ಒಂದು ತಂಡವನ್ನು ಊಹಿಸೋಣ. ಪ್ರಶಸ್ತಿಗೆ ಸಾಲಾಗಿ ಆರು ಪಂದ್ಯಗಳನ್ನು ಗೆಲ್ಲಬೇಕು. 0.9ನ್ನು ಆರು ಬಾರಿ ಗುಣಿಸಿದರೆ ಬರುವುದು 0.53. ಅಂದರೆ ಅಷ್ಟು ಬಲಿಷ್ಠವಾದ ತಂಡವೂ ಹೆಚ್ಚುಕಡಿಮೆ ಎರಡು ವರ್ಷಗಳಲ್ಲಿ ಒಂದು ವರ್ಷ ಬರಿಗೈಯಲ್ಲಿ ಮರಳುತ್ತದೆ. ಸಂಭವ ನೂರಕ್ಕೆ 80 ಆದರೆ ಪ್ರಶಸ್ತಿಯ ಸಂಭವ 0.26ಕ್ಕೆ ಇಳಿಯುತ್ತದೆ. ಹೀಗಿರುವಾಗ ಒಂದು ಸಂಜೆಯ ಸೋಲಿನಿಂದ ಇಡೀ ತಂಡದ ಗುಣವನ್ನು ನಿರ್ಧರಿಸುವುದು ನ್ಯಾಯವಲ್ಲ. ಯುಎಂಬಿಸಿ ವಿರುದ್ಧದ ಪಂದ್ಯದಲ್ಲಿ ವರ್ಜೀನಿಯಾ 22 ಮೂರಂಕದ ಎಸೆತಗಳಲ್ಲಿ 4ನ್ನು ಮಾತ್ರ ಬುಟ್ಟಿಗೆ ಹಾಕಿತು, ಎದುರಾಳಿ 24ರಲ್ಲಿ 12ನ್ನು ಹಾಕಿತು. ನೂರಕ್ಕೆ 38ರ ಲೆಕ್ಕ ಹಿಡಿದರೂ 22ರಲ್ಲಿ ಎಂಟು ಬೀಳಬೇಕಿತ್ತು, ಅಲ್ಲಿಯೇ 12 ಅಂಕಗಳ ಕೊರತೆ. ಆದರೂ ಸೋಲು 20 ಅಂಕಗಳದ್ದು, ಆದುದರಿಂದ ಎಲ್ಲವನ್ನೂ ಅದೃಷ್ಟದ ತಲೆಗೆ ಕಟ್ಟಲೂ ಆಗದು. ಅವರ ಮುಖ್ಯ ಆಟಗಾರರಲ್ಲಿ ಒಬ್ಬರಾದ ಡಿಯಾಂಡ್ರೆ ಹಂಟರ್ ಮಣಿಕಟ್ಟು ಮುರಿದುಕೊಂಡು ಆ ಟೂರ್ನಿಯಲ್ಲಿ ಆಡಿರಲಿಲ್ಲ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಉಪ್ಪಳದ ಪದವಿ ವಿದ್ಯಾರ್ಥಿ

ಮಾಷ್ಟ್ರೇ, ಲೆಕ್ಕ ಸ್ಪಷ್ಟವಾಯಿತು. ಹಾಗಾದರೆ ಒಂದು ಅನುಮಾನ. ಪೊಸೆಷನ್‌ಗಳು ಕಡಿಮೆಯಾದಷ್ಟೂ ದುರ್ಬಲ ತಂಡಕ್ಕೆ ಅನುಕೂಲವಲ್ಲವೇ? ಬಲಿಷ್ಠ ತಂಡ ಬೇಕೆಂದೇ ನಿಧಾನವಾಗಿ ಆಡಿದರೆ ತನ್ನ ಮೇಲುಗೈಯನ್ನು ತಾನೇ ಬಿಟ್ಟುಕೊಟ್ಟಂತಾಗುವುದಿಲ್ಲವೇ?

ನೀರ್ಚಾಲಿನ ನಿವೃತ್ತ ಗಣಿತ ಅಧ್ಯಾಪಕ

ಅದು ಬೆನೆಟ್ ಅವರ ವಿರುದ್ಧ 2018ರಲ್ಲಿ ಕೇಳಿಬಂದ ಮುಖ್ಯ ಆಕ್ಷೇಪವೂ ಹೌದು, ಮತ್ತು ಗಣಿತದ ಮಟ್ಟಿಗೆ ಅದರಲ್ಲಿ ಹುರುಳಿದೆ. ಪ್ರತಿ ಪೊಸೆಷನ್ನಿಗೆ 0.2 ಅಂಕದ ಮೇಲುಗೈ ಇರುವ ತಂಡಕ್ಕೆ 60 ಪೊಸೆಷನ್‌ಗಳಲ್ಲಿ 12 ಅಂಕದ, 75ರಲ್ಲಿ 15 ಅಂಕದ ಮುನ್ನಡೆಯನ್ನು ನಿರೀಕ್ಷಿಸಬಹುದು. ಆಕಸ್ಮಿಕದ ಏರಿಳಿತ ಬೆಳೆಯುವುದು ಪೊಸೆಷನ್‌ಗಳ ವರ್ಗಮೂಲದ ಪ್ರಮಾಣದಲ್ಲಿ ಮಾತ್ರ. ಆದುದರಿಂದ ಪಂದ್ಯ ಉದ್ದವಾದಷ್ಟೂ ಬಲಿಷ್ಠನಿಗೆ ಭದ್ರತೆ ಹೆಚ್ಚು. ಆದರೆ ನಿಧಾನದ ಆಟವೇ ಆ 0.2ರ ಮೇಲುಗೈಯನ್ನು ತಂದುಕೊಡುತ್ತಿದ್ದರೆ ವೇಗವನ್ನು ಹೆಚ್ಚಿಸಿದಾಗ ಮೇಲುಗೈಯೇ ಉಳಿಯಲಾರದು. ಇದನ್ನು ನಿರ್ಧರಿಸುವುದು ಸೂತ್ರದಿಂದ ಸಾಧ್ಯವಿಲ್ಲ, ಆಟ ಬಲ್ಲವರು ಹೇಳಬೇಕು.

ಮುಳ್ಳೇರಿಯದ ದೈಹಿಕ ಶಿಕ್ಷಣ ಅಧ್ಯಾಪಕ

ಮಾಷ್ಟ್ರು ಎತ್ತಿದ ಮಾತಿಗೆ ಅಂಕಣದ ಕಡೆಯಿಂದ ನನ್ನ ಉತ್ತರ ಹೀಗಿದೆ.

ವರ್ಜೀನಿಯಾದ ರಕ್ಷಣಾ ಪದ್ಧತಿಯ ಹೆಸರು ಪ್ಯಾಕ್ ಲೈನ್. ಇದನ್ನು ರೂಪಿಸಿದವರು ಟೋನಿ ಬೆನೆಟ್ ಅವರ ತಂದೆ ಡಿಕ್ ಬೆನೆಟ್. ಅವರು 2000ದಲ್ಲಿ ವಿಸ್ಕಾನ್ಸಿನ್ ತಂಡವನ್ನು ಕೊನೆಯ ನಾಲ್ಕರ ಹಂತಕ್ಕೆ ಕೊಂಡೊಯ್ದಿದ್ದರು. ಬುಟ್ಟಿಯಿಂದ ಸುಮಾರು 16 ಅಡಿ ದೂರದಲ್ಲಿ ಒಂದು ಕಾಲ್ಪನಿಕ ಗೆರೆಯಿದೆ ಎಂದು ಭಾವಿಸಬೇಕು. ಚೆಂಡು ಇರುವ ಆಟಗಾರನನ್ನು ಒಬ್ಬ ರಕ್ಷಕ ಒತ್ತಿ ಹಿಡಿಯುತ್ತಾನೆ, ಉಳಿದ ನಾಲ್ವರೂ ಆ ಗೆರೆಯ ಒಳಗೆ ನಿಂತು ನುಗ್ಗುವ ದಾರಿಗಳನ್ನು ಮುಚ್ಚುತ್ತಾರೆ. ಚೆಂಡು ಹೊರಗೆ ಸಾಗಿದ ಕೂಡಲೇ ಆ ಕಡೆಯ ರಕ್ಷಕ ಓಡಿಹೋಗಿ ಕೈಯೆತ್ತಿ ನಿಲ್ಲಬೇಕು, ಮತ್ತೆ ಒಳಗೆ ಬರಬೇಕು. ನೋಡುವುದಕ್ಕೆ ಸರಳವಾಗಿದ್ದರೂ ಇದು ಐದೂ ಜನರ ಕಾಲುಗಳು ಒಂದೇ ಕ್ಷಣದಲ್ಲಿ ಚಲಿಸಬೇಕಾದ ಕೆಲಸ. ಒಬ್ಬ ಅರ್ಧ ಹೆಜ್ಜೆ ತಡಮಾಡಿದರೆ ಹೊರಗಿನ ಎಸೆತಗಾರನಿಗೆ ಬಿಡುವು ಸಿಕ್ಕಿಬಿಡುತ್ತದೆ. ಇಂಥ ಪದ್ಧತಿಯನ್ನು ವಾರದ ಶಿಬಿರದಲ್ಲಿ ಕಲಿಸಲು ಆಗುವುದಿಲ್ಲ, ತಿಂಗಳುಗಟ್ಟಲೆ ಆಡಿ ಮೈಗೂಡಿಸಿಕೊಳ್ಳಬೇಕು. ನಿಧಾನವಾದ ಆಕ್ರಮಣವೂ ಇದಕ್ಕೆ ಪೂರಕ: ಎಸೆತ ತಪ್ಪಿದರೂ ಹಿಂದಕ್ಕೆ ಓಡಿ ರಕ್ಷಣೆಯನ್ನು ಕಟ್ಟಿಕೊಳ್ಳಲು ಸಮಯ ಸಿಗುತ್ತದೆ. ಆದುದರಿಂದ ವೇಗವನ್ನು ಹೆಚ್ಚಿಸಿದರೆ ಈ ರಕ್ಷಣೆ ಸಡಿಲವಾಗುತ್ತಿತ್ತು ಎಂದೇ ನನ್ನ ಅಭಿಪ್ರಾಯ.

ಈ ರಕ್ಷಣೆಯ ದೌರ್ಬಲ್ಯ ಎಲ್ಲಿದೆ ಎಂಬುದು ಆ ಸೀಸನ್ನಿನ ಸೋಲುಗಳಲ್ಲೇ ಕಾಣುತ್ತದೆ. ಮೊದಲ 16 ಪಂದ್ಯಗಳನ್ನು ಗೆದ್ದ ಮೇಲೆ 2019ರ ಜನವರಿ 19ರಂದು ಡ್ಯೂಕ್ ಅಂಕಣದಲ್ಲಿ 72–70ರಿಂದ ಸೋತರು. ಫೆಬ್ರವರಿ 9ರಂದು ತಮ್ಮದೇ ಅಂಕಣದಲ್ಲಿ ಅದೇ ಡ್ಯೂಕ್ ಎದುರು 81–71ರಿಂದ ಸೋತರು. ಆ ಎರಡನೆಯ ಪಂದ್ಯದಲ್ಲಿ ಡ್ಯೂಕ್ 21 ಮೂರಂಕದ ಎಸೆತಗಳಲ್ಲಿ 13ನ್ನು ಬುಟ್ಟಿಗೆ ಹಾಕಿತು. ಒಳಗೆ ಮುಚ್ಚಿಕೊಂಡವರ ತಲೆಯ ಮೇಲಿಂದ ಎಸೆಯುವವರು ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ಇದೇ ಸಾಕ್ಷಿ. ಮೂರನೆಯ ಸೋಲು ಕಾನ್ಫರೆನ್ಸ್ ಟೂರ್ನಿಯ ಸೆಮಿಫೈನಲ್‌ನಲ್ಲಿ ಫ್ಲೋರಿಡಾ ಸ್ಟೇಟ್ ವಿರುದ್ಧ, 69–59. ಮಾರ್ಚ್ ಟೂರ್ನಿಯನ್ನು ಮಾತ್ರ ನೋಡಿದವರಿಗೆ ಈ ಮೂರೂ ಪಂದ್ಯಗಳ ಸುಳಿವೇ ಇರುವುದಿಲ್ಲ, ಆದರೆ ತಂಡದ ಸ್ವಭಾವವನ್ನು ಇವೇ ಸರಿಯಾಗಿ ಹೇಳುತ್ತವೆ.

ಆಕ್ರಮಣದಲ್ಲಿ ಬೆನೆಟ್ ಅವರು ಬದಲಾವಣೆ ಮಾಡಿದರು. ಮೊದಲು ಅವರ ತಂಡ ಹೆಚ್ಚಾಗಿ ಆಡುತ್ತಿದ್ದದ್ದು ಇಬ್ಬರು ಅಡ್ಡ ನಿಂತು ಎದುರಾಳಿ ರಕ್ಷಕರನ್ನು ತಡೆಯುವ, ಮೂವರು ಅವರ ಸುತ್ತ ಓಡಿ ಬಿಡುವು ಹುಡುಕುವ ಪದ್ಧತಿ. 2018–19ರಲ್ಲಿ ಚೆಂಡು ಹಿಡಿದವನನ್ನು ಕಾಯುವ ರಕ್ಷಕನಿಗೇ ನೇರವಾಗಿ ಅಡ್ಡ ನಿಂತು ಅವನನ್ನು ನುಗ್ಗಿಸುವ ಆಟವನ್ನು ಹೆಚ್ಚಾಗಿ ಸೇರಿಸಿದರು. ಟೈ ಜೆರೋಮ್ ಅವರ ಕೈಯಲ್ಲಿ ಚೆಂಡು, ಒಂದು ಬದಿಯಲ್ಲಿ ಕೈಲ್ ಗೈ, ಇನ್ನೊಂದು ಬದಿಯಲ್ಲಿ ಹಂಟರ್ ಇದ್ದರೆ ಎದುರಾಳಿ ಯಾರನ್ನೂ ಬಿಟ್ಟು ಸಹಾಯಕ್ಕೆ ಹೋಗುವಂತಿರಲಿಲ್ಲ. ಸೋಲಿನ ಬಳಿಕ ರಕ್ಷಣೆಯನ್ನು ಕೈಬಿಡದೆ, ಆಕ್ರಮಣವನ್ನು ಮಾತ್ರ ತಿದ್ದಿಕೊಂಡ ಈ ವಿವೇಕವನ್ನು ನಾನು ಬಹಳ ಗೌರವಿಸುತ್ತೇನೆ.

ಕುಂಬಳೆಯ ಓದುಗಿ

ಯಕ್ಷಗಾನದ ಊರಿನವಳಾದುದರಿಂದ ನನಗೆ ಇದು ಸಹಜವಾಗಿಯೇ ಅರ್ಥವಾಗುತ್ತದೆ. ದೀಪಾವಳಿ ಕಳೆದು ತಿರುಗಾಟಕ್ಕೆ ಹೊರಟು ಮೇ ತಿಂಗಳ ಪತ್ತನಾಜೆಗೆ ಗೆಜ್ಜೆ ಬಿಚ್ಚುವ ಮೇಳವನ್ನು ಯಾರೂ ಒಂದು ರಾತ್ರಿಯ ಆಟದಿಂದ ಅಳೆಯುವುದಿಲ್ಲ. ಒಂದು ಪ್ರಸಂಗದಲ್ಲಿ ಭಾಗವತರ ಸ್ವರ ಕೈಕೊಟ್ಟಿರಬಹುದು, ಇನ್ನೊಂದರಲ್ಲಿ ಹೊಸ ವೇಷಧಾರಿ ಎಲ್ಲರನ್ನೂ ಮೀರಿಸಿರಬಹುದು. ಇಡೀ ತಿರುಗಾಟವನ್ನು ಬಲ್ಲವರೇ ಮೇಳದ ಬಗ್ಗೆ ಮಾತನಾಡುತ್ತಾರೆ.

ಸಮಯದ ಬಗ್ಗೆ ಹೊಸಬರಿಗಾಗಿ ಒಂದು ಮಾತು. ಅಮೆರಿಕದ ಪೂರ್ವ ತೀರದ ಗಡಿಯಾರ ಚಳಿಗಾಲದಲ್ಲಿ ನಮಗಿಂತ ಹತ್ತೂವರೆ ಗಂಟೆ ಹಿಂದೆ ಇರುತ್ತದೆ, ಮಾರ್ಚ್ ತಿಂಗಳ ಎರಡನೆಯ ಭಾನುವಾರದಿಂದ ಒಂಬತ್ತೂವರೆ ಗಂಟೆ. ಅಲ್ಲಿನ ಸಂಜೆ ಏಳರ ಪಂದ್ಯ ಜನವರಿಯಲ್ಲಿ ನಮ್ಮ ಬೆಳಗ್ಗೆ ಐದೂವರೆಗೆ ಆರಂಭವಾದರೆ, ಮಾರ್ಚ್ ಟೂರ್ನಿಯ ಹೊತ್ತಿಗೆ ನಾಲ್ಕೂವರೆಗೇ ಆರಂಭವಾಗುತ್ತದೆ. 2019ರ ಏಪ್ರಿಲ್ 8ರ ಅಂತಿಮ ಪಂದ್ಯ ನಮಗೆ 9ನೇ ತಾರೀಕು ಬೆಳಗ್ಗೆ ಏಳರ ಹೊತ್ತಿಗೆ ಆರಂಭವಾಗಿತ್ತು. ಬೆಳಗಿನ ಅಡುಗೆ ಕೆಲಸದ ನಡುವೆ ನೋಡುವವರಿಗೆ ಇದು ಅಷ್ಟೇನೂ ಕಷ್ಟದ ಸಮಯವಲ್ಲ.

ಬದಿಯಡ್ಕದ ಕ್ರೀಡಾಸಕ್ತ

ಅಕ್ಕ, ತಿರುಗಾಟದ ಮಾತು ಸರಿಯಾಗಿದೆ. ಈಗ ಮಾರ್ಚ್ ಟೂರ್ನಿಗೆ ಬರೋಣ, ಏಕೆಂದರೆ ವಿದ್ಯಾರ್ಥಿ ಮಿತ್ರರು ಬಯಸುವ ರೋಮಾಂಚನವೂ ಅಲ್ಲೇ ಇದೆ.

ಮೊದಲ ಸುತ್ತಿನಲ್ಲಿ ಮತ್ತೆ 16ನೇ ಸೀಡ್, ಈ ಬಾರಿ ಗಾರ್ಡ್ನರ್–ವೆಬ್. ವರ್ಜೀನಿಯಾ ಒಂದು ಹಂತದಲ್ಲಿ 14 ಅಂಕಗಳಿಂದ ಹಿಂದಿತ್ತು, ಅರ್ಧ ಪಂದ್ಯದಲ್ಲಿ 36–30ರಿಂದ ಹಿಂದಿತ್ತು. ಹಿಂದಿನ ವರ್ಷದ ನೆನಪು ಆ ಆಟಗಾರರ ಮನಸ್ಸಿನಲ್ಲಿ ಎಷ್ಟು ಭಾರವಾಗಿದ್ದಿರಬೇಕು ಎಂದು ಯೋಚಿಸಿ. ಕೊನೆಗೆ ಗೆದ್ದದ್ದು 71–56ರಿಂದ, ಅಂದರೆ ದ್ವಿತೀಯಾರ್ಧದಲ್ಲಿ ಬಿಟ್ಟುಕೊಟ್ಟದ್ದು 20 ಅಂಕ ಮಾತ್ರ. ಬಳಿಕ ಒಕ್ಲಹೋಮ ವಿರುದ್ಧ 63–51, ಆರಿಗನ್ ವಿರುದ್ಧ 53–49.

ಪರ್ಡ್ಯೂ ವಿರುದ್ಧದ ಪಂದ್ಯವನ್ನು ನಾನು ಆ ಸೀಸನ್ನಿನ ಶಿಖರ ಎಂದು ಭಾವಿಸುತ್ತೇನೆ. ಪರ್ಡ್ಯೂವಿನ ಕಾರ್ಸನ್ ಎಡ್ವರ್ಡ್ಸ್ ಹತ್ತು ಮೂರಂಕದ ಎಸೆತಗಳೊಂದಿಗೆ 42 ಅಂಕ ಗಳಿಸಿದರು, ಪ್ಯಾಕ್ ಲೈನ್ ರಕ್ಷಣೆಯ ಎದುರು ಒಬ್ಬ ಆಟಗಾರ ಮಾಡಬಹುದಾದುದನ್ನೆಲ್ಲ ಮಾಡಿದರು. 5.9 ಸೆಕೆಂಡುಗಳು ಉಳಿದಿದ್ದಾಗ ವರ್ಜೀನಿಯಾ ಮೂರು ಅಂಕ ಹಿಂದೆ, ಜೆರೋಮ್ ಅವರಿಗೆ ಎರಡು ಫ್ರೀ ಥ್ರೋ. ಮೊದಲನೆಯದು ಬಿತ್ತು, ಎರಡನೆಯದು ತಪ್ಪಿತು. ಮಮಾಡಿ ಡಿಯಾಕಿಟೆ ಚೆಂಡನ್ನು ಹಿಂದಕ್ಕೆ ತಟ್ಟಿದರು, ಅದು ಮಧ್ಯರೇಖೆಯನ್ನು ದಾಟಿ ಉರುಳಿತು. ಮೊದಲ ವರ್ಷದ ವಿದ್ಯಾರ್ಥಿ, ಆರಡಿಗೂ ಕಡಿಮೆ ಎತ್ತರದ ಕಿಹೇ ಕ್ಲಾರ್ಕ್ ಓಡಿಹೋಗಿ ಚೆಂಡನ್ನು ಹಿಡಿದರು. ಅಲ್ಲಿಂದಲೇ ಎಸೆಯಬಹುದಿತ್ತು, ಹತ್ತಿರದಲ್ಲಿ ಚೆಂಡು ಕೇಳುತ್ತಿದ್ದವರಿಗೆ ಕೊಡಬಹುದಿತ್ತು. ಅವರು ಎರಡನ್ನೂ ಮಾಡದೆ ಬುಟ್ಟಿಯ ಸಮೀಪದಲ್ಲಿದ್ದ ಡಿಯಾಕಿಟೆ ಅವರಿಗೆ ಉದ್ದನೆಯ ಪಾಸ್ ಕೊಟ್ಟರು, ಗಂಟೆ ಮೊಳಗುವ ಮೊದಲೇ ಕೈಯಿಂದ ಹೊರಟಿದ್ದ ಡಿಯಾಕಿಟೆ ಅವರ ಎಸೆತ ಬುಟ್ಟಿಗೆ ಬಿತ್ತು. 70–70. ಹೆಚ್ಚುವರಿ ಅವಧಿಯಲ್ಲಿ 80–75ರಿಂದ ಗೆಲುವು. ಅಷ್ಟು ಕಡಿಮೆ ಸಮಯದಲ್ಲಿ ಅಷ್ಟು ಶಾಂತವಾದ ನಿರ್ಧಾರ ಹುಟ್ಟಬೇಕಾದರೆ ಅದರ ಹಿಂದೆ ಮೂವತ್ತಕ್ಕೂ ಹೆಚ್ಚು ಪಂದ್ಯಗಳ ಅಭ್ಯಾಸವಿರಬೇಕು ಎಂಬುದು ನನ್ನ ವಾದದ ತಿರುಳು.

ಸೆಮಿಫೈನಲ್‌ನಲ್ಲಿ ಆಬರ್ನ್ ವಿರುದ್ಧ ಎರಡು ಅಂಕ ಹಿಂದಿದ್ದಾಗ, 0.6 ಸೆಕೆಂಡು ಉಳಿದಿರುವಂತೆ ಕೈಲ್ ಗೈ ಅವರ ಮೂರಂಕದ ಎಸೆತಕ್ಕೆ ಫೌಲ್ ಆಯಿತು. ಮೂರೂ ಫ್ರೀ ಥ್ರೋಗಳನ್ನು ಅವರು ಬುಟ್ಟಿಗೆ ಹಾಕಿದರು, 63–62. ಅದಕ್ಕೆ ಸ್ವಲ್ಪ ಮೊದಲು ಜೆರೋಮ್ ಮಾಡಿದ ಡಬಲ್ ಡ್ರಿಬಲ್ (ಚೆಂಡು ಪುಟಿಸುವುದನ್ನು ನಿಲ್ಲಿಸಿ ಮತ್ತೆ ಪುಟಿಸುವ ತಪ್ಪು) ತೀರ್ಪುಗಾರರ ಗಮನಕ್ಕೆ ಬಾರದೆ ಹೋಯಿತು ಎಂಬುದನ್ನೂ ಹೇಳಲೇಬೇಕು, ಆಬರ್ನ್ ಅಭಿಮಾನಿಗಳ ನೋವು ನ್ಯಾಯವಾದದ್ದು. ಅಂತಿಮ ಪಂದ್ಯದಲ್ಲಿ ಟೆಕ್ಸಸ್ ಟೆಕ್ ವಿರುದ್ಧ ಹಂಟರ್ ಅವರ ಮೂರಂಕದ ಎಸೆತ ಪಂದ್ಯವನ್ನು 68–68ಕ್ಕೆ ತಂದಿತು, ಹೆಚ್ಚುವರಿ ಅವಧಿಯಲ್ಲಿ 85–77. ಹಿಂದಿನ ಮಾರ್ಚ್‌ನಲ್ಲಿ ಆಡಲಾಗದಿದ್ದ ಹಂಟರ್ 27 ಅಂಕ ಗಳಿಸಿದ್ದರು.

ಉಪ್ಪಳದ ಪದವಿ ವಿದ್ಯಾರ್ಥಿ

ಪರ್ಡ್ಯೂ ಪಂದ್ಯದ ಆ ಪಾಸನ್ನು ಮತ್ತೆ ಮತ್ತೆ ನೋಡಿದೆ. ಆದರೆ ಅಭ್ಯಾಸವೇ ಕಾರಣವೆಂದರೆ ಇದಕ್ಕೆ ಏನು ಹೇಳುವಿರಿ? ಅದೇ ಕ್ಲಾರ್ಕ್ 2023ರ ಮಾರ್ಚ್ ಟೂರ್ನಿಯಲ್ಲಿ, ತಮ್ಮ ಐದನೆಯ ವರ್ಷದಲ್ಲಿ, ಫರ್ಮನ್ ವಿಶ್ವವಿದ್ಯಾಲಯದ ವಿರುದ್ಧ ಎರಡು ಅಂಕ ಮುಂದಿದ್ದಾಗ ಮೂಲೆಯಲ್ಲಿ ಸಿಕ್ಕಿಬಿದ್ದು ಚೆಂಡನ್ನು ದೂರಕ್ಕೆ ಎಸೆದರು. ಫರ್ಮನ್ ಅದನ್ನು ಹಿಡಿದು ಮೂರಂಕ ಗಳಿಸಿ 68–67ರಿಂದ ಗೆದ್ದಿತು. ಆ ಹೊತ್ತಿಗೆ ಅವರಷ್ಟು ಅನುಭವವಿದ್ದ ಆಟಗಾರರು ದೇಶದಲ್ಲೇ ಕಡಿಮೆ.

ಮುಳ್ಳೇರಿಯದ ದೈಹಿಕ ಶಿಕ್ಷಣ ಅಧ್ಯಾಪಕ

ಪ್ರಶ್ನೆ ಚೆನ್ನಾಗಿದೆ. ಅನುಭವ ಸರಿಯಾದ ನಿರ್ಧಾರದ ಸಂಭವವನ್ನು ಹೆಚ್ಚಿಸುತ್ತದೆ, ಪ್ರತಿ ಸಲವೂ ಅದನ್ನು ಖಾತರಿಪಡಿಸುವುದಿಲ್ಲ. ಇಬ್ಬರು ಸುತ್ತುವರಿದಾಗ ಚೆಂಡನ್ನು ಎದೆಗೆ ಅವಚಿಕೊಂಡು ಫೌಲಿಗೆ ಕಾಯುವುದೋ, ಉಳಿದಿದ್ದರೆ ಟೈಂ ಔಟ್ ಕೇಳುವುದೋ ಕ್ಷೇಮ ಎಂದು ನಾನು ನನ್ನ ಹುಡುಗರಿಗೆ ಹೇಳಿಕೊಡುತ್ತೇನೆ. ಆದರೆ ಕ್ಲಾರ್ಕ್ ಅವರನ್ನು ಆ ಎರಡು ಪಾಸ್‌ಗಳಿಂದ ಮಾತ್ರ ನೆನಪಿಟ್ಟುಕೊಳ್ಳುವುದು ಮತ್ತೆ ಮಾರ್ಚ್ ತಿಂಗಳನ್ನು ಮಾತ್ರ ನೋಡಿದಂತೆಯೇ. ಆ ಎರಡರ ನಡುವಿನ ಐದು ಸೀಸನ್‌ಗಳಲ್ಲಿ ಅವರು ಎದುರಾಳಿಯ ಚೆಂಡು ತರುವವರನ್ನು ಅಂಕಣದ ಉದ್ದಕ್ಕೂ ಕಾಡಿದ್ದನ್ನು ನೋಡಿದವರು ಅವರನ್ನು ಬೇರೆಯೇ ರೀತಿಯಲ್ಲಿ ನೆನೆಯುತ್ತಾರೆ.

ಕುಂಬಳೆಯ ಓದುಗಿ

ಒಬ್ಬ ಆಟಗಾರನನ್ನು ಐದು ವರ್ಷ ಒಂದೇ ತಂಡದಲ್ಲಿ ನೋಡುವ ಭಾಗ್ಯ ಈಗ ಅಪರೂಪವಾಗುತ್ತಿದೆ ಎಂಬುದನ್ನು ಇಲ್ಲಿ ಸೇರಿಸಬೇಕು. 2021ರಿಂದ ಆಟಗಾರರು ಒಂದು ವರ್ಷ ಹೊರಗೆ ಕುಳಿತುಕೊಳ್ಳದೆ ಇನ್ನೊಂದು ಕಾಲೇಜಿಗೆ ಹೋಗಿ ಆಡಬಹುದು. ಅದೇ ವರ್ಷದ ಜುಲೈಯಿಂದ ತಮ್ಮ ಹೆಸರು ಮತ್ತು ಚಿತ್ರವನ್ನು ಜಾಹೀರಾತಿಗೆ ಬಳಸಿಕೊಂಡು ಹಣ ಪಡೆಯುವುದಕ್ಕೂ ಅನುಮತಿ ದೊರೆಯಿತು. ಆಟಗಾರರ ದುಡಿಮೆಯಿಂದ ವಿಶ್ವವಿದ್ಯಾಲಯಗಳು ಗಳಿಸುತ್ತಿದ್ದ ಹಣವನ್ನು ನೋಡಿದರೆ ಇದು ಬಹಳ ಮೊದಲೇ ಆಗಬೇಕಾಗಿದ್ದ ನ್ಯಾಯ ಎಂದೇ ನನ್ನ ಭಾವನೆ. ಆದರೆ ಅಭಿಮಾನಿಗೆ ಪ್ರತಿ ನವೆಂಬರಿನಲ್ಲೂ ಹೊಸ ಮುಖಗಳನ್ನು ಕಲಿಯುವ ಕೆಲಸ. ಬೆನೆಟ್ ಅವರು 2024ರ ಅಕ್ಟೋಬರಿನಲ್ಲಿ, ಸೀಸನ್ ಆರಂಭವಾಗಲು ಕೆಲವೇ ವಾರಗಳಿರುವಾಗ, ನಿವೃತ್ತರಾದಾಗ ಈ ಹೊಸ ವ್ಯವಸ್ಥೆಗೆ ತಾವು ಹೊಂದುವವರಲ್ಲ ಎಂಬ ಕಾರಣವನ್ನೇ ಕೊಟ್ಟರು.

2025ರ ಮಾರ್ಚ್‌ನಲ್ಲಿ ವರ್ಜೀನಿಯಾ ತನ್ನ ಹೊಸ ತರಬೇತುದಾರರಾಗಿ ನೇಮಿಸಿಕೊಂಡದ್ದು ರಯಾನ್ ಓಡಮ್ ಅವರನ್ನು. 2018ರ ಆ ರಾತ್ರಿ ಯುಎಂಬಿಸಿ ತಂಡದ ತರಬೇತುದಾರರಾಗಿದ್ದವರು ಇವರೇ. ತನ್ನನ್ನು ಅಷ್ಟು ಕಠಿಣವಾಗಿ ಸೋಲಿಸಿದವರ ಕೈಗೆ ತನ್ನ ತಂಡವನ್ನು ಒಪ್ಪಿಸುವ ಮನಸ್ಸು ನನಗೆ ಬಹಳ ಇಷ್ಟವಾಯಿತು.

ಪೆರ್ಲದ ಕೃಷಿಕ

ಇಷ್ಟನ್ನೆಲ್ಲ ಓದಿದ ಮೇಲೆ ನನ್ನ ಪ್ರಶ್ನೆ ನಮ್ಮ ಜಿಲ್ಲೆಯದು. ನನ್ನ ತಮ್ಮನ ಮಗ ಇಲ್ಲಿನ ಒಂದು ಕಾಲೇಜು ತಂಡದಲ್ಲಿ ಆಡುತ್ತಾನೆ. ಅವನ ತಂಡವನ್ನು ಸೀಸನ್ ಪೂರ್ತಿ ಅನುಸರಿಸಬೇಕೆಂದರೆ ಅನುಸರಿಸುವುದಕ್ಕೆ ಸೀಸನ್ ಎಂಬುದೇ ಇಲ್ಲ. ಮಾಷ್ಟ್ರುಗಳು ಇದರ ಬಗ್ಗೆ ಏನು ಹೇಳುತ್ತೀರಿ?

ಮುಳ್ಳೇರಿಯದ ದೈಹಿಕ ಶಿಕ್ಷಣ ಅಧ್ಯಾಪಕ

ನಿಮ್ಮ ಮಾತು ಸತ್ಯ, ಮತ್ತು ನನ್ನನ್ನು ಬಹುಕಾಲದಿಂದ ಕಾಡುತ್ತಿರುವ ವಿಷಯವೂ ಅದೇ. ನಮ್ಮ ಜಿಲ್ಲೆಯ ಕಾಲೇಜುಗಳು ಕಣ್ಣೂರು ವಿಶ್ವವಿದ್ಯಾಲಯಕ್ಕೆ ಸೇರಿವೆ. ಅಂತರಕಾಲೇಜು ಟೂರ್ನಿ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಮೊದಲ ಸುತ್ತಿನಲ್ಲೇ ಸೋತ ತಂಡಕ್ಕೆ ಆ ವರ್ಷದ ಅಧಿಕೃತ ಬಾಸ್ಕೆಟ್‌ಬಾಲ್ ನಲವತ್ತು ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ಅಲ್ಲಿ ಚೆನ್ನಾಗಿ ಆಡಿದ ಕೆಲವರು ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗಿ, ಶಿಬಿರ ಮುಗಿಸಿ, ದಕ್ಷಿಣ ವಲಯದ ಅಂತರವಿಶ್ವವಿದ್ಯಾಲಯ ಟೂರ್ನಿಗೆ ಹೋಗುತ್ತಾರೆ, ಅಲ್ಲಿ ಮುಂದೆ ಬಂದ ತಂಡಗಳು ಅಖಿಲ ಭಾರತ ಮಟ್ಟಕ್ಕೆ ಹೋಗುತ್ತವೆ. ಉಳಿದ ಹುಡುಗರು ಸಂಜೆ ಅಭ್ಯಾಸ ಮಾಡುತ್ತಲೇ ಇರುತ್ತಾರೆ, ಆಡಲು ಪಂದ್ಯವಿರುವುದಿಲ್ಲ. ವರ್ಜೀನಿಯಾದ ಆಟಗಾರರು ಸೋತ ನಾಲ್ಕೈದು ದಿನಗಳಲ್ಲಿ ಮತ್ತೆ ಅಂಕಣಕ್ಕಿಳಿದು ತಿದ್ದಿಕೊಳ್ಳುತ್ತಾರೆ. ನಮ್ಮ ಹುಡುಗ ತಿದ್ದಿಕೊಳ್ಳಲು ಒಂದು ವರ್ಷ ಕಾಯಬೇಕು, ಅಷ್ಟರಲ್ಲಿ ಅವನ ಪದವಿಯೇ ಮುಗಿಯುತ್ತದೆ.

ಆದುದರಿಂದ ಒಂದು ಸಲಹೆ ಇಡುತ್ತೇನೆ. ಕಾಸರಗೋಡಿನ ಎರಡು ಮತ್ತು ಮಂಗಳೂರಿನ ಎರಡು ಕಾಲೇಜುಗಳು ಸ್ನೇಹಪಂದ್ಯಗಳ ಒಂದು ಲೀಗನ್ನು ನಡೆಸಿಕೊಳ್ಳಲಿ. ವಿಶ್ವವಿದ್ಯಾಲಯಗಳು ಬೇರೆಯಾದುದರಿಂದ ಅಧಿಕೃತ ಟೂರ್ನಿಗಳಲ್ಲಿ ಇವರು ಪರಸ್ಪರ ಎದುರಾಗುವ ಸಂದರ್ಭ ತೀರಾ ಕಡಿಮೆ. ಆದರೆ ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್, ಕಣ್ಣೂರಿಗಿಂತ ಎಷ್ಟೋ ಹತ್ತಿರ. ಬೆಳಗ್ಗೆ ಹೊರಟು ಆಡಿ ಸಂಜೆಗೆ ತಲಪಾಡಿ ಗಡಿ ದಾಟಿ ಮನೆ ಸೇರಬಹುದು.

ನೀರ್ಚಾಲಿನ ನಿವೃತ್ತ ಗಣಿತ ಅಧ್ಯಾಪಕ

ನಾಲ್ಕು ತಂಡಗಳು ಪರಸ್ಪರ ಎರಡೆರಡು ಬಾರಿ, ಒಮ್ಮೆ ಸ್ವಂತ ಅಂಕಣದಲ್ಲಿ ಒಮ್ಮೆ ಎದುರಾಳಿಯ ಅಂಕಣದಲ್ಲಿ ಆಡಿದರೆ ಒಟ್ಟು 12 ಪಂದ್ಯಗಳು, ಪ್ರತಿ ತಂಡಕ್ಕೆ ಆರು. ನಮ್ಮ ಹೊರಾಂಗಣ ಸಿಮೆಂಟಿನ ಅಂಕಣಗಳಲ್ಲಿ ಮಳೆಗಾಲದಲ್ಲಿ ಆಡಲಾಗದು, ನವೆಂಬರ್ ಕೊನೆಯಿಂದ ಫೆಬ್ರವರಿವರೆಗಿನ ಶನಿವಾರಗಳು ಸೂಕ್ತ. ಪರೀಕ್ಷೆಯ ವಾರಗಳನ್ನು ಬಿಟ್ಟರೂ ಆರು ಶನಿವಾರಗಳು ಸಿಗುತ್ತವೆ. ಅಂಕಿಅಂಶ ಬರೆದಿಡುವ ಹೊಣೆಯನ್ನು ನಾನು ವಹಿಸಿಕೊಳ್ಳಲು ಸಿದ್ಧ. ಎಸೆತ, ಆಕ್ರಮಣದ ರೀಬೌಂಡ್, ಟರ್ನೋವರ್, ಫ್ರೀ ಥ್ರೋ, ಅಂಕ ಎಂಬ ಐದು ಕಲಂಗಳ ಪುಸ್ತಕ ಸಾಕು.

ಉಪ್ಪಳದ ಪದವಿ ವಿದ್ಯಾರ್ಥಿ

ಹೀಗೊಂದು ಲೀಗ್ ಆದರೆ ಮಾಷ್ಟ್ರ ಪಕ್ಕದಲ್ಲಿ ಕುಳಿತು ಎಣಿಸಲು ನಾನೂ ಬರುತ್ತೇನೆ. ನಿಯಮ ಯಾವುದು? ಅಮೆರಿಕದ ಕಾಲೇಜಿನಂತೆ 20 ನಿಮಿಷಗಳ ಎರಡು ಅವಧಿ, 30 ಸೆಕೆಂಡುಗಳ ಶಾಟ್ ಕ್ಲಾಕ್ (ಚೆಂಡು ಸಿಕ್ಕ ಮೇಲೆ ಎಸೆಯಲು ಇರುವ ಕಾಲಮಿತಿ) ಇಡುವುದೇ?

ಮುಳ್ಳೇರಿಯದ ದೈಹಿಕ ಶಿಕ್ಷಣ ಅಧ್ಯಾಪಕ

ಬೇಡ. ನಮ್ಮ ಹುಡುಗರು ಮುಂದೆ ಆಡಬೇಕಾಗಿರುವುದು ಅಂತಾರಾಷ್ಟ್ರೀಯ ನಿಯಮದಂತೆ: ಹತ್ತು ನಿಮಿಷಗಳ ನಾಲ್ಕು ಅವಧಿ, 24 ಸೆಕೆಂಡು, ಎಸೆತ ರಿಂಗಿಗೆ ತಾಗಿ ಆಕ್ರಮಣದ ರೀಬೌಂಡ್ ಸಿಕ್ಕರೆ 14 ಸೆಕೆಂಡು, 6.75 ಮೀಟರಿನ ಮೂರಂಕದ ಗೆರೆ. ಅದನ್ನೇ ಪಾಲಿಸೋಣ. ಶಾಟ್ ಕ್ಲಾಕ್ ಯಂತ್ರ ಎಲ್ಲ ಕಾಲೇಜುಗಳಲ್ಲಿಯೂ ಇಲ್ಲ. ಇಲ್ಲದ ಕಡೆ ಇಬ್ಬರು ಬೇಕು: ಒಬ್ಬರು ಸ್ಟಾಪ್ ವಾಚ್ ಹಿಡಿದು ಮೇಜಿನ ಬಳಿ ನಿಲ್ಲಬೇಕು, ಇನ್ನೊಬ್ಬರು ಕೊನೆಯ ಹತ್ತು ಸೆಕೆಂಡುಗಳನ್ನು ಎರಡೂ ತಂಡಗಳಿಗೆ ಕೇಳುವಂತೆ ಗಟ್ಟಿಯಾಗಿ ಎಣಿಸಬೇಕು. ಎರಡನೆಯ ಕೆಲಸಕ್ಕೆ ನೀವು ಬನ್ನಿ, ಪೆರ್ಲದ ಅಣ್ಣ ವಾಚ್ ಹಿಡಿಯಲಿ.

ಪೆರ್ಲದ ಕೃಷಿಕ

ಒಪ್ಪಿದೆ. ಶನಿವಾರ ಅಡಿಕೆ ಕೊಯ್ಲಿನ ಕೆಲಸವಿದ್ದರೆ ಮುಂಚಿತವಾಗಿ ತಿಳಿಸುತ್ತೇನೆ, ಆಗ ಬದಿಯಡ್ಕದವರು ನನ್ನ ಬದಲಿಗೆ ನಿಲ್ಲಬೇಕು.